ಪಂಪ ಯಾರವನು?

ವಿಜಯವಾಡದ ಗವರ್ನರ್‌ಪೇಟೆಯನ್ನು ಹಾದುಹೋಗುವ ಏಲೂರು ರಸ್ತೆಯನ್ನು ಹಿಡಿದು ಪೂರ್ವಕ್ಕೆ ಹೋದರೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಏಲೂರು ಸಿಗುತ್ತದೆ. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆಗಿರುವ ಹಳ್ಳಿ ಪೆದವೇಗಿ. ಒಂದು ಕಾಲದಲ್ಲಿ ಇದೇ ವೆಂಗಿ. ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ಕಟ್ಟಿದ ರಾಜ್ಯಕ್ಕೆ ಹೆಸರು ಕೊಟ್ಟ ಊರು, ಆದಿಕವಿ ಪಂಪನ ತಂದೆಯ ಪೂರ್ವಿಕರ ನಾಡು. ಈ ಊರಿನ ಹೆಸರು ಬಂದಾಗಲೆಲ್ಲ ಕೃಷ್ಣಾ ನದಿಯ ಎರಡೂ ತುದಿಗಳ ಓದುಗರು ಒಂದೇ ಬಗೆಯ ಪ್ರಶ್ನೆ ಕೇಳುತ್ತಾರೆ. ವೆಂಗಿಯ ಚಾಲುಕ್ಯರು ಮೂಲತಃ ಕನ್ನಡಿಗರಲ್ಲವೇ ಎಂದು ಕನ್ನಡದವರು. ಪಂಪ ಹುಟ್ಟಿನಿಂದ ತೆಲುಗಿನವನಲ್ಲವೇ ಎಂದು ತೆಲುಗಿನವರು. ಇಂಥ ಕುತೂಹಲ ನಮ್ಮಲ್ಲಿ ಮಾತ್ರ ಇದೆ ಎಂದು ತಿಳಿಯಬೇಕಿಲ್ಲ. ಕೋಪರ್ನಿಕಸ್ ಪೋಲೆಂಡಿನವನೋ ಜರ್ಮನಿಯವನೋ ಎಂದು ಯೂರೋಪಿನಲ್ಲಿ ತಲೆಮಾರುಗಟ್ಟಲೆ ವಾದ ನಡೆದಿದೆ. ಅಲೆಕ್ಸಾಂಡರನ ಪರಂಪರೆ ಯಾರಿಗೆ ಸೇರಿದ್ದು ಎಂಬ ಜಗಳ ಎಷ್ಟು ಬೆಳೆಯಿತೆಂದರೆ, ಗ್ರೀಸಿನ ನೆರೆಯ ದೇಶವೊಂದು 2018ರ ಒಪ್ಪಂದದ ಮೇಲೆ ಮರುವರ್ಷ ತನ್ನ ಹೆಸರನ್ನೇ ಉತ್ತರ ಮ್ಯಾಸಿಡೋನಿಯಾ ಎಂದು ಬದಲಿಸಿಕೊಂಡಿತು. ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ ‘ಅವನು ಯಾರವನು’ ಎಂದು ಕೇಳುವಾಗ ನಾವು ನಮ್ಮ ಕಾಲದ ಅಳತೆಗೋಲನ್ನು ಹಿಡಿದಿರುತ್ತೇವೆ. ಒಬ್ಬ ಮನುಷ್ಯನಿಗೆ ಒಂದೇ ಭಾಷೆ, ಆ ಭಾಷೆಗೆ ಒಂದೇ ನಾಡು ಎಂಬುದು ಆ ಅಳತೆ. ವೆಂಗಿಯ ಸುತ್ತಲಿನ ಕಲ್ಲುಗಳೂ ಕಾವ್ಯಗಳೂ ಹೇಳುವುದು ಬೇರೆಯದನ್ನು. ಅಲ್ಲಿ ಬರಹದ ಭಾಷೆಯನ್ನು ತೀರ್ಮಾನಿಸಿದ್ದು ಬರೆದವನ ಹುಟ್ಟಲ್ಲ. ಯಾರು ಓದಬೇಕು, ಯಾರು ಕೇಳಬೇಕು, ಯಾರು ಪೋಷಿಸಿದರು ಎಂಬ ಸಂಗತಿಗಳು.

ಮೊದಲು ರಾಜವಂಶವನ್ನೇ ನೋಡೋಣ. ರವಿಕೀರ್ತಿ ರಚಿಸಿದ ಐಹೊಳೆಯ ಶಾಸನದ ಕಾಲ ಶಕ 556, ಅಂದರೆ ಕ್ರಿ.ಶ. 634-35. ಪುಲಕೇಶಿಯ ಸೈನ್ಯ ಪಿಷ್ಟಪುರವನ್ನು, ಅಂದರೆ ಇಂದಿನ ಪಿಠಾಪುರವನ್ನು ಗೆದ್ದದ್ದನ್ನೂ ಕುನಾಲ ಸರೋವರದ ನೀರು ರಕ್ತದಿಂದ ಕೆಂಪಾದದ್ದನ್ನೂ ಅದು ವರ್ಣಿಸುತ್ತದೆ. ಆ ಸರೋವರವೇ ಏಲೂರಿನ ಪಕ್ಕದ ಕೊಲ್ಲೇರು. ಕನ್ನಡ ದೊರೆಯ ಪೂರ್ವ ದಿಗ್ವಿಜಯವನ್ನು ನಾವು ಹೆಮ್ಮೆಯಿಂದ ನೆನೆಯುವ ಈ ಶಾಸನದ ಭಾಷೆ ಸಂಸ್ಕೃತ. ಮಲಪ್ರಭೆಯ ದಂಡೆಯಲ್ಲಿ ಕೊರೆದಿದ್ದರೂ ಅದು ಊರವರಿಗಾಗಿ ಬರೆದದ್ದಲ್ಲ. ಕಾಳಿದಾಸ ಭಾರವಿಯರಿಗೆ ಸಮನಾದ ಕವಿಯೆಂದು ಹೇಳಿಕೊಳ್ಳುವ ರವಿಕೀರ್ತಿ ಭರತಖಂಡದ ಪಂಡಿತರನ್ನು ಉದ್ದೇಶಿಸಿ ಬರೆದಿದ್ದಾನೆ. ಹಾಗಾದರೆ ವೆಂಗಿಯಲ್ಲಿ ನೆಲೆನಿಂತ ಶಾಖೆಯ ಗತಿ ಏನಾಯಿತು? ಕನ್ನಡ ಸಾಮ್ರಾಜ್ಯ ಕರಾವಳಿಯ ತನಕ ಹಬ್ಬಿತು ಎಂಬುದು ನಮ್ಮ ಶಾಲೆಗಳಲ್ಲಿ ಹೇಳುವ ಕಥೆ. ಆ ಕಥೆ ಒಂದೆರಡು ತಲೆಮಾರಿನ ಆಚೆಗೆ ನಿಲ್ಲುವುದಿಲ್ಲ. ರಾಷ್ಟ್ರಕೂಟರು ಬಂದ ಮೇಲೆ ಮಾನ್ಯಖೇಟಕ್ಕೂ ವೆಂಗಿಗೂ ನಡೆದ ಯುದ್ಧಗಳಿಗೆ ಲೆಕ್ಕವಿಲ್ಲ. ಕನ್ನಡ ಮೂಲದ ಒಂದು ವಂಶ ಕನ್ನಡಕ್ಕೆ ಆಸರೆಯಾದ ಇನ್ನೊಂದು ವಂಶದೊಡನೆ ನೂರೈವತ್ತು ವರ್ಷ ಕಾದಾಡಿತು. ಭಾಷೆಯ ಬಂಧುತ್ವ ಅವರ ಕತ್ತಿಯನ್ನು ಒಂದು ದಿನವೂ ತಡೆದಂತೆ ಕಾಣುವುದಿಲ್ಲ.

ಇದಕ್ಕಿಂತ ಹೆಚ್ಚಿನದನ್ನು ಹೇಳುವ ಕುರುಹು ವಿಜಯವಾಡದಲ್ಲೇ ಇದೆ. ಗವರ್ನರ್‌ಪೇಟೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಇಂದ್ರಕೀಲಾದ್ರಿಯ ಬದಿಯ ಮಲ್ಲೇಶ್ವರನ ಸನ್ನಿಧಿಯಲ್ಲಿ ಸಿಕ್ಕ ಕಂಬದ ಮೇಲೆ ಯುದ್ಧಮಲ್ಲನ ಶಾಸನವಿದೆ. ಕಾರ್ತಿಕೇಯನ ಗುಡಿಗೆ ಸಂಬಂಧಿಸಿದ ಈ ಬರಹ ತೆಲುಗಿನ ಅತ್ಯಂತ ಹಳೆಯ ಪದ್ಯಶಾಸನಗಳಲ್ಲಿ ಒಂದು, ಛಂದಸ್ಸು ಮಧ್ಯಾಕ್ಕರ. ಅಕ್ಕರಗಳ ಈ ಕುಟುಂಬ ಕನ್ನಡದ ಅಂಶಛಂದಸ್ಸಿಗೂ ತೆಲುಗಿಗೂ ಸಮಾನವಾದ ಆಸ್ತಿ. ಇದನ್ನು ಹಾಕಿಸಿದವನು ಇಮ್ಮಡಿ ಯುದ್ಧಮಲ್ಲ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ ಮಾತು. 10ನೇ ಶತಮಾನದ ಮೊದಲ ಭಾಗದಲ್ಲಿ ಅವನು ವೆಂಗಿಯ ಗದ್ದುಗೆ ಏರಿ ಕೆಲವು ವರ್ಷ ಆಳಿದ್ದು ರಾಷ್ಟ್ರಕೂಟರ ಬೆಂಬಲದಿಂದ. ಚಾಲುಕ್ಯ ವಂಶದವನು, ಕನ್ನಡದ ಚಕ್ರವರ್ತಿಗಳ ಬಲದಿಂದ ಕುರ್ಚಿ ಹಿಡಿದವನು, ತನ್ನ ಪುಣ್ಯಕಾರ್ಯವನ್ನು ವಿಜಯವಾಡದ ಕಲ್ಲಿನ ಮೇಲೆ ಅಚ್ಚ ತೆಲುಗು ಪದ್ಯದಲ್ಲಿ ಬರೆಸುತ್ತಾನೆ. ಅವನನ್ನು ಕನ್ನಡಿಗನೆಂದು ಪಟ್ಟಿಗೆ ಸೇರಿಸಿದರೆ ಶಾಸನ ಅರ್ಥವಾಗುವುದಿಲ್ಲ, ತೆಲುಗಿನವನೆಂದು ಸೇರಿಸಿದರೆ ಅವನ ರಾಜಕೀಯ ಅರ್ಥವಾಗುವುದಿಲ್ಲ. ಗುಡಿಗೆ ಬರುವವರು ಯಾರು ಎಂದು ಕೇಳಿದ ಕೂಡಲೇ ಶಾಸನ ತಿಳಿಯಾಗುತ್ತದೆ. ಅಲ್ಲಿ ಯಾರು ಉಳಿಯಬಹುದು, ಯಾರು ಉಳಿಯಬಾರದು ಎಂಬ ಕಟ್ಟಳೆಯೂ ಅದರಲ್ಲಿದೆ. ಕಟ್ಟಳೆ ಎಂದ ಮೇಲೆ ಅದು ಊರ ಜನಕ್ಕೆ ತಿಳಿಯಲೇಬೇಕು.

ಅದರ ಹತ್ತಿರದ ವರ್ಷಗಳಲ್ಲೇ ಪಂಪ ಬರೆಯುತ್ತಿದ್ದ. ಅವನು ಹುಟ್ಟಿದ್ದು 902ರಲ್ಲಿ, ಆದಿಪುರಾಣ ಮುಗಿಸಿದ್ದು 941ರಲ್ಲಿ, ವಿಕ್ರಮಾರ್ಜುನ ವಿಜಯ ಬಂದದ್ದು ಅದರ ಬೆನ್ನಲ್ಲೇ. ಅವನ ತಂದೆಯ ಕಡೆಯವರು ವೆಂಗಿಮಂಡಲದ ವೆಂಗಿಪಳುವಿನವರು. ಇದನ್ನು ತೆಲುಗು ಗೆಳೆಯರು ಪದೇಪದೇ ನೆನಪಿಸುತ್ತಾರೆ. ಅದು ಸರಿಯಾದ ಮಾತು. ಆದರೆ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬೊಮ್ಮಲಗುಟ್ಟದ ಮೇಲೆ ಅವನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಮನೆಯ ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ. ಅವರ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ತಂದೆಯ ಮನೆ ಕೃಷ್ಣೆಯ ಕೆಳದಂಡೆಯ ನಾಡಿನಲ್ಲಿ, ತಾಯಿಯ ಮನೆ ಇಂದಿನ ಧಾರವಾಡ ಜಿಲ್ಲೆಯಲ್ಲಿ, ಆಶ್ರಯ ಕೊಟ್ಟ ಇಮ್ಮಡಿ ಅರಿಕೇಸರಿಯ ರಾಜಧಾನಿ ಇಂದಿನ ತೆಲಂಗಾಣದ ವೇಮುಲವಾಡದಲ್ಲಿ. ಕವಿ ಮಾದರಿಯೆಂದು ಹೆಸರಿಸುವ ಕನ್ನಡ ಪುಲಿಗೆರೆಯದು, ಅಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರದ್ದು. ಅವನ ಮನಸ್ಸು ಹಂಬಲಿಸುವ ನಾಡು ಪಶ್ಚಿಮದ ಕಾಡಂಚಿನ ಬನವಾಸಿ. ಇಷ್ಟು ಊರುಗಳಲ್ಲಿ ಹರಡಿರುವ ಬದುಕನ್ನು 1956ರಲ್ಲಿ ಎಳೆದ ಒಂದು ಗೆರೆಯ ಯಾವ ಕಡೆಗೆ ಇಡುವುದು?

ಆ ಬೊಮ್ಮಲಗುಟ್ಟದ ಶಾಸನದ ಮೇಲೆ ಇನ್ನಷ್ಟು ಹೊತ್ತು ನಿಲ್ಲಬೇಕು. ಈ ವಾದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ತೋರಿಲ್ಲ. ಬಂಡೆಯ ಮೇಲೆ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕೊರೆಸಿದ ಜಿನವಲ್ಲಭ ಅದರ ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ. ಅದರಲ್ಲಿರುವ ತೆಲುಗು ಕಂದಪದ್ಯಗಳು ಆ ಭಾಷೆಯಲ್ಲಿ ದೊರೆತ ಅತಿ ಹಳೆಯ ಕಂದಗಳ ಸಾಲಿನವು. 2008ರಲ್ಲಿ ತೆಲುಗಿಗೂ ಕನ್ನಡಕ್ಕೂ ಒಟ್ಟಿಗೇ ಶಾಸ್ತ್ರೀಯ ಸ್ಥಾನಮಾನ ಬಂತು. ತೆಲುಗಿನ ಪ್ರಾಚೀನತೆಗೆ ಅಂದು ತೋರಿಸಿದ ಪುರಾವೆಗಳಲ್ಲಿ ಕನ್ನಡದ ಆದಿಕವಿಯ ತಮ್ಮ ಬರೆಸಿದ ಈ ಶಾಸನವೂ ಇತ್ತು. ಒಂದೇ ಮನೆಯ ಅಣ್ಣ ಕನ್ನಡಕ್ಕೆ ಮಹಾಕಾವ್ಯ ಕೊಟ್ಟ, ತಮ್ಮ ತೆಲುಗಿಗೆ ಕಂದ ಕೊಟ್ಟ. ಅದೇ ಆಸ್ಥಾನದಲ್ಲಿ, ಅರಿಕೇಸರಿಯ ಮಗನ ಕಾಲಕ್ಕೆ, 959ರಲ್ಲಿ ಸೋಮದೇವಸೂರಿ ‘ಯಶಸ್ತಿಲಕ’ ಎಂಬ ಸಂಸ್ಕೃತ ಚಂಪೂಕಾವ್ಯವನ್ನು ಮುಗಿಸಿದ. ಇಪ್ಪತ್ತು ವರ್ಷಗಳ ಒಳಗೆ, ಒಂದೇ ಸಣ್ಣ ಸಾಮಂತ ಮನೆತನದ ನೆರಳಿನಲ್ಲಿ ಮೂರು ಭಾಷೆಗಳು. ಇವುಗಳಲ್ಲಿ ಯಾವುದು ಆ ಮನೆತನದ ‘ಸ್ವಂತ’ ಭಾಷೆ ಎಂದು ಕೇಳಿದರೆ ದಾಖಲೆ ಮೌನವಾಗಿರುತ್ತದೆ. ಯಾವ ಕೆಲಸಕ್ಕೆ ಯಾವ ಭಾಷೆ ಎಂದು ಕೇಳಿದರೆ ಮಾತಾಡುತ್ತದೆ. ಭರತಖಂಡದ ಜೈನ ಪಂಡಿತರಿಗೆ ಸಂಸ್ಕೃತ. ಕವಿರಾಜಮಾರ್ಗದ ಕಾಲದಿಂದ ಹದಗೊಂಡು ರಾಷ್ಟ್ರಕೂಟ ಸಾಮ್ರಾಜ್ಯದ ಸಾಮಂತರೂ ಶ್ರಾವಕರೂ ಆಸ್ವಾದಿಸುತ್ತಿದ್ದ ಕಾವ್ಯಕ್ಕೆ ಕನ್ನಡ. ಗುಡ್ಡ ಹತ್ತಿ ಬರುವ ಸುತ್ತಲಿನ ಊರವರಿಗೆ ತೆಲುಗು. ಇದು ನನ್ನ ಊಹೆ ಎನ್ನುವುದಾದರೆ ಹೌದು, ಊಹೆಯೇ. ಆದರೆ ಮೂರು ಭಾಷೆಗಳನ್ನೂ ಒಟ್ಟಿಗೆ ವಿವರಿಸಬಲ್ಲ ಊಹೆ ಇದೊಂದೇ. ರಕ್ತದ ಲೆಕ್ಕ ಹಿಡಿದವರು ಯಾವಾಗಲೂ ಒಂದನ್ನು ಹಿಡಿದು ಎರಡನ್ನು ಬಿಡಬೇಕಾಗುತ್ತದೆ.

ಅದಕ್ಕೆ ನೂರು ವರ್ಷ ಮೊದಲು ಯೂರೋಪಿನಲ್ಲಿ ನಡೆದ ಒಂದು ಘಟನೆ ಇದೇ ಮಾತನ್ನು ಇನ್ನೂ ಬಿಚ್ಚಿ ಹೇಳುತ್ತದೆ. 842ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಶಾರ್ಲಮೇನ್ ಚಕ್ರವರ್ತಿಯ ಇಬ್ಬರು ಮೊಮ್ಮಕ್ಕಳು ತಮ್ಮ ಸೋದರನ ವಿರುದ್ಧ ಒಂದಾಗುವ ಪ್ರಮಾಣ ಮಾಡಿದರು. ಪೂರ್ವದ ಜರ್ಮನ್ ನಾಡನ್ನು ಆಳುತ್ತಿದ್ದ ಲೂಯಿ ಫ್ರೆಂಚಿನ ಪೂರ್ವರೂಪವಾದ ರೋಮಾನ್ಸ್ ಭಾಷೆಯಲ್ಲಿ ಪ್ರಮಾಣ ಮಾಡಿದ. ಪಶ್ಚಿಮದ ಚಾರ್ಲ್ಸ್ ಜರ್ಮನ್ ಭಾಷೆಯಲ್ಲಿ ಮಾಡಿದ. ಎದುರು ನಿಂತ ಸೈನ್ಯ ತನ್ನ ಕಿವಿಯಿಂದಲೇ ಕೇಳಿ ನಂಬಬೇಕು ಎಂಬುದು ಉದ್ದೇಶ. ಫ್ರೆಂಚಿನ ಅತಿ ಹಳೆಯ ಬರಹವೆಂದು ಇಂದು ಫ್ರಾನ್ಸ್ ಹೆಮ್ಮೆಪಡುವ ಮಾತುಗಳು ಹೊರಟದ್ದು ಹೀಗೆ, ಇತಿಹಾಸ ‘ಜರ್ಮನ್’ ಎಂದು ಕರೆದ ಲೂಯಿಯ ಬಾಯಿಂದ. ಕೋಪರ್ನಿಕಸ್ಸನ ವಿಷಯವೂ ಅಷ್ಟೇ. 1473ರಲ್ಲಿ ಅವನು ಹುಟ್ಟಿದ ಟೊರುನ್ ಪಟ್ಟಣ ಪೋಲೆಂಡಿನ ರಾಜನಿಗೆ ಸೇರಿತ್ತು. ಅಲ್ಲಿನ ವರ್ತಕರ ಮನೆಗಳಲ್ಲಿ ಜರ್ಮನ್ ಮಾತು ನಡೆಯುತ್ತಿತ್ತು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ಗ್ರಂಥವನ್ನು ಅವನು ಬರೆದದ್ದು ಲ್ಯಾಟಿನ್ನಿನಲ್ಲಿ. ಅವನ ಕಾಲದಲ್ಲಿ ಯಾರನ್ನೂ ಕಾಡದ ಪ್ರಶ್ನೆ ರಾಷ್ಟ್ರಗಳ ಭೂಪಟ ಮೂಡಿದ ಮೇಲೆ ಎರಡು ಜನಾಂಗಗಳ ಮಾನಾಪಮಾನದ ಪ್ರಶ್ನೆಯಾಯಿತು.

ಮತ್ತೆ ವೆಂಗಿಗೆ ಬರೋಣ. ಕನ್ನಡಿಗರು ಹೆಮ್ಮೆಯಿಂದ ನೆನೆಯುವ ದಾನಚಿಂತಾಮಣಿ ಅತ್ತಿಮಬ್ಬೆಯ ಅಜ್ಜ ನಾಗಮಯ್ಯ ವೆಂಗಿಯ ಕಮ್ಮೆನಾಡಿನ ಪುಂಗನೂರಿನವನು. ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ಇವರಿಗಾಗಿಯೇ ಪೊನ್ನ ಶಾಂತಿಪುರಾಣ ಬರೆದದ್ದು. ಆ ಕಾವ್ಯದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು, 993ರಲ್ಲಿ ರನ್ನನಿಂದ ಅಜಿತಪುರಾಣ ಬರೆಸಿದವಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು ಅವಳು. ಕನ್ನಡದ ಮೊದಲ ಛಂದೋಗ್ರಂಥ ‘ಛಂದೋಂಬುಧಿ’ಯ ಕರ್ತೃ ಒಂದನೆಯ ನಾಗವರ್ಮನ ಮನೆತನವೂ ವೆಂಗಿಯದೇ. ಹತ್ತನೆಯ ಶತಮಾನದ ಕನ್ನಡ ಸಾಹಿತ್ಯದಿಂದ ವೆಂಗಿಯ ಮನೆಗಳನ್ನು ತೆಗೆದುಹಾಕಿದರೆ ಉಳಿಯುವುದು ಬಹಳ ಸ್ವಲ್ಪ. ಇದನ್ನು ತೆಲುಗಿಗೆ ಕನ್ನಡ ಪಟ್ಟ ಋಣ ಎಂದು ಹೇಳುವುದೂ ಪೂರ್ತಿ ಸರಿಯಲ್ಲ. ಇವರೆಲ್ಲ ತೆಲುಗನ್ನು ಬಿಟ್ಟು ಬಂದವರು ಎಂದು ಹೇಳಲು ಆಧಾರವಿಲ್ಲ. ಎರಡೂ ಭಾಷೆ ಬಲ್ಲ, ಜೈನ ಧರ್ಮದ ಮತ್ತು ರಾಜಸೇವೆಯ ದಾರಿ ಹಿಡಿದು ಪೂರ್ವಪಶ್ಚಿಮ ಓಡಾಡುತ್ತಿದ್ದ ಮನೆತನಗಳು ಇವು. ಇನ್ನೊಂದು ದಿಕ್ಕಿನಿಂದಲೂ ಸಾಕ್ಷಿ ಇದೆ. ರಾಜಮಹೇಂದ್ರಿಯಿಂದ ಆಳಿದ ರಾಜರಾಜ ನರೇಂದ್ರ ವೆಂಗಿ ಚಾಲುಕ್ಯರ ಕುಡಿ. ತೆಲುಗಿನ ಆದಿಕವಿ ನನ್ನಯ ಮಹಾಭಾರತ ಬರೆದದ್ದು ಅವನ ಕೋರಿಕೆಯಿಂದ. ನನ್ನಯನಿಗೆ ಆ ಕೆಲಸದಲ್ಲಿ ನೆರವಾದ ನಾರಾಯಣಭಟ್ಟನಿಗೆ ಅಗ್ರಹಾರ ಕೊಟ್ಟ ನಂದಂಪೂಡಿ ಶಾಸನ ಅವನನ್ನು ಸಂಸ್ಕೃತ, ಕರ್ಣಾಟ, ಪ್ರಾಕೃತ, ಪೈಶಾಚಿಕ, ಆಂಧ್ರ ಭಾಷೆಗಳ ಕವಿಯೆಂದು ಹೊಗಳುತ್ತದೆ. ತೆಲುಗು ಮಹಾಭಾರತ ಹುಟ್ಟಿದ ಕೋಣೆಯಲ್ಲಿ ಕನ್ನಡ ಬಲ್ಲ ಕವಿ ಕೂತಿದ್ದ. ರಾಜರಾಜ ನರೇಂದ್ರನ ತಾಯಿ ಚೋಳರ ಒಂದನೆಯ ರಾಜರಾಜನ ಮಗಳು, ಹೆಂಡತಿ ರಾಜೇಂದ್ರ ಚೋಳನ ಮಗಳು. ಮಗ 1070ರಲ್ಲಿ ಚೋಳ ಸಿಂಹಾಸನವನ್ನೇ ಏರಿ ಒಂದನೆಯ ಕುಲೋತ್ತುಂಗನಾದ. ತಮಿಳಿನ ಕಲಿಂಗತ್ತುಪ್ಪರಣಿ ಕೊಂಡಾಡುವುದು ಅವನ ಕಾಲದ ವಿಜಯವನ್ನು. ಬಾದಾಮಿಯಿಂದ ಹೊರಟ ಒಂದೇ ವಂಶ ನಾಲ್ಕೂವರೆ ಶತಮಾನದಲ್ಲಿ ಸಂಸ್ಕೃತದಲ್ಲಿ ದಾನಪತ್ರ ಕೊಟ್ಟಿತು, ತೆಲುಗಿಗೆ ಮಹಾಭಾರತ ಕೊಡಿಸಿತು, ತಮಿಳಿನಲ್ಲಿ ಪರಣಿ ಹಾಡಿಸಿಕೊಂಡಿತು.

ಇದಕ್ಕೆ ಬರುವ ಗಂಭೀರವಾದ ಆಕ್ಷೇಪವೊಂದಿದೆ. ಭಾಷೆಗೆ ನಾಡಿನ ಗಡಿ ಕಟ್ಟುವುದು ನಮ್ಮ ಕಾಲದ ಚಾಳಿ ಎನ್ನುವುದಾದರೆ ಕವಿರಾಜಮಾರ್ಗ ಏನು ಮಾಡಿತು? ಸುಮಾರು 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಆ ಗ್ರಂಥ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡ ನಾಡೆಂದು ಸ್ಪಷ್ಟವಾಗಿ ಹೇಳುತ್ತದೆ. ಆ ನಾಡಿನ ಜನ ಓದದೆಯೂ ಕಾವ್ಯದಲ್ಲಿ ಪರಿಣತರು ಎಂದು ಹೊಗಳುತ್ತದೆ. ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಭಾಷೆಯ ಅಭಿಮಾನ, ನಾಡಿನ ಪ್ರಜ್ಞೆ ಇವು ಬ್ರಿಟಿಷರ ಕೊಡುಗೆ ಎನ್ನುವ ಮಾತನ್ನು ಕವಿರಾಜಮಾರ್ಗವೊಂದೇ ಸುಳ್ಳಾಗಿಸುತ್ತದೆ. ಆದರೆ ಆ ಗಡಿ ಎಂಥದ್ದು ಎಂದೂ ನೋಡಬೇಕು. ಗ್ರಂಥಕಾರ ಕನ್ನಡದ ತಿರುಳು ಎಂದು ಎಣಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನೆಲವನ್ನು. ರಾಜಧಾನಿ ಮಾನ್ಯಖೇಟ ಅದರಲ್ಲಿಲ್ಲ. ಅಂದರೆ ಅವನು ಅಳೆಯುತ್ತಿರುವುದು ಒಳ್ಳೆಯ ಕನ್ನಡ ಎಲ್ಲಿ ಕೇಳಿಬರುತ್ತದೆ ಎಂಬುದನ್ನು. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಜನರ ಪಟ್ಟಿ ಅವನ ಕೈಯಲ್ಲಿಲ್ಲ. ಹಾಗೆಂದೇ ನೂರು ವರ್ಷದೊಳಗೆ ವೆಂಗಿ ಮೂಲದ ಕವಿ ವೇಮುಲವಾಡದಲ್ಲಿ ಕುಳಿತು ಪುಲಿಗೆರೆಯ ಕನ್ನಡವನ್ನು ತನ್ನದಾಗಿಸಿಕೊಂಡಾಗ ಅವನನ್ನು ಹೊರಗಿನವನೆಂದು ಯಾರೂ ತಡೆಯಲಿಲ್ಲ. ಆಗ ಎರಡು ಭಾಷೆಗಳ ಲಿಪಿಯೂ ಬಹುಮಟ್ಟಿಗೆ ಒಂದೇ ಆಗಿತ್ತು. ಶಾಸನತಜ್ಞರು ಇಂದಿಗೂ ಅದನ್ನು ತೆಲುಗು-ಕನ್ನಡ ಲಿಪಿ ಎನ್ನುತ್ತಾರೆ. ನಮ್ಮ ಕಾಲ ಹೊಸದಾಗಿ ತಂದದ್ದು ಅಭಿಮಾನವನ್ನಲ್ಲ, ಎಣಿಕೆಯನ್ನು. 1881ರ ಜನಗಣತಿಯಿಂದ ಪ್ರತಿಯೊಬ್ಬನ ಹೆಸರಿನ ಮುಂದೆ ಒಂದು ಮಾತೃಭಾಷೆ ಬರೆಯುವ ಪದ್ಧತಿ ಬಂತು. 1953ರಲ್ಲಿ ಆಂಧ್ರ, 1956ರಲ್ಲಿ ವಿಶಾಲ ಮೈಸೂರು ರಚನೆಯಾದಾಗ ಆ ಎಣಿಕೆಗಳ ಮೇಲೆ ತಾಲ್ಲೂಕುಗಳು ಆಚೀಚೆ ಹೋದವು. ಆಡಳಿತಕ್ಕೆ ಅದು ಬೇಕಿತ್ತು. ಜನ ತಮ್ಮ ಭಾಷೆಯಲ್ಲಿ ಅರ್ಜಿ ಬರೆಯುವ, ತೀರ್ಪು ಓದುವ ಹಕ್ಕು ಪಡೆದದ್ದು ಅದರಿಂದಲೇ. ಆದರೆ ಅದೇ ಕಾಲಮ್ಮನ್ನು ಪಂಪನ ಹೆಸರಿನ ಮುಂದೆ ಎಳೆದರೆ ಏನನ್ನೂ ಬರೆಯಲಾಗದು.

ಇನ್ನೊಂದು ಆಕ್ಷೇಪ ಹೃದಯದಿಂದ ಬರುವಂಥದ್ದು. ಮಡಕಶಿರಾ, ರಾಯದುರ್ಗ, ಆದೋನಿಗಳಲ್ಲಿ, ಕಾಸರಗೋಡಿನಲ್ಲಿ ಕನ್ನಡದ ಮನೆಗಳಿವೆ. ಅಲ್ಲಿಯ ಮಕ್ಕಳಿಗೆ ಈ ನೆಲದಲ್ಲಿ ನಿಮ್ಮ ಭಾಷೆ ಹಳೆಯದು ಎಂದು ಹೇಳುವುದೇ ಬಲ. ಪಂಪನನ್ನು ಎಲ್ಲರಿಗೂ ಹಂಚಿಬಿಟ್ಟರೆ ಅವರ ಕೈಯಲ್ಲಿ ಏನು ಉಳಿಯುತ್ತದೆ? ಈ ಆತಂಕ ನಿಜವಾದದ್ದು, ಆದರೆ ಅದು ತಪ್ಪಾದ ಕಂಬವನ್ನು ಆತುಕೊಂಡಿದೆ. ಪ್ರಾಥಮಿಕ ಹಂತದಲ್ಲಿ ಮಕ್ಕಳು ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಒದಗಿಸಬೇಕೆಂದು 1956ರ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಅದು ತರಗತಿಯಲ್ಲಿ ಕುಳಿತ ಮಗುವನ್ನು ನೋಡುತ್ತದೆ. ಆ ಮಗುವಿನ ಪೂರ್ವಿಕರು ಹತ್ತನೆಯ ಶತಮಾನದಲ್ಲಿ ಎಲ್ಲಿದ್ದರು ಎಂದು ಕೇಳುವುದಿಲ್ಲ. ಕೇಳಬಾರದು ಕೂಡ. ಹಕ್ಕನ್ನು ಪ್ರಾಚೀನತೆಯ ಮೇಲೆ ನಿಲ್ಲಿಸಿದರೆ ನಮಗಿಂತ ಹಳೆಯ ಶಾಸನ ತೋರಿಸುವವನು ಬಂದ ದಿನ ಹಕ್ಕು ಹೋಗುತ್ತದೆ. ಅದೇ ವಾದವನ್ನು ಬೆಂಗಳೂರಿನ ತೆಲುಗು ಮಗುವಿನ ವಿರುದ್ಧವೂ ಬಳಸಬಹುದು. ಗಡಿಯ ಶಾಲೆಗೆ ಕನ್ನಡ ಮೇಷ್ಟರನ್ನು ನೇಮಿಸಿ ಎಂದು ಕೇಳಲು ಪುಲಕೇಶಿಯ ದಂಡಯಾತ್ರೆಯ ಸಾಕ್ಷಿ ಬೇಕಿಲ್ಲ.

ಕೃಷ್ಣದೇವರಾಯನ ಬಗ್ಗೆಯೂ ಇದೇ ಜಗಳ ಇದ್ದು, ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ತುಳುವ ವಂಶದ ಈ ದೊರೆ ‘ಆಮುಕ್ತಮಾಲ್ಯದ’ ಬರೆದದ್ದು ತೆಲುಗಿನಲ್ಲಿ. ವಿಜಯವಾಡದ ಕೆಳಗಿನ ಶ್ರೀಕಾಕುಳದ ಆಂಧ್ರವಿಷ್ಣುವೇ ಅದನ್ನು ಬರೆಯಲು ಹೇಳಿದನೆಂದು ಕಾವ್ಯವೇ ಹೇಳುತ್ತದೆ. ಅವನ ಕಾಲದಲ್ಲೇ ತಿಮ್ಮಣ್ಣ ಕವಿ ಕುಮಾರವ್ಯಾಸನ ಭಾರತದ ಉಳಿದ ಪರ್ವಗಳನ್ನು ಕನ್ನಡದಲ್ಲಿ ಪೂರ್ತಿ ಮಾಡಿದ. ವಿಶಾಖಪಟ್ಟಣದ ಸಿಂಹಾಚಲದವರೆಗೆ ಹೋಗಿ ಶಾಸನ ಹಾಕಿಸಿದ ಅರಸನಿಗೆ ಯಾವ ಊರಿನಲ್ಲಿ ಯಾವ ಭಾಷೆ ಬೇಕೆಂದು ಚೆನ್ನಾಗಿ ಗೊತ್ತಿತ್ತು.

‘ಯಾರವನು’ ಎಂಬ ಪ್ರಶ್ನೆ ಇಲ್ಲದಿದ್ದರೆ ಎಷ್ಟೋ ಜನ ಇತಿಹಾಸದ ಪುಸ್ತಕವನ್ನೇ ತೆರೆಯುವುದಿಲ್ಲ ಎಂದು ಹೇಳುವವರಿದ್ದಾರೆ. ಒಪ್ಪಿದೆ. ಅಭಿಮಾನದಿಂದ ಬಂದ ಓದುಗನನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವುದು ವಿವೇಕವಲ್ಲ. ಆದರೆ ಬಾಗಿಲಲ್ಲೇ ಅವನನ್ನು ನಿಲ್ಲಿಸಿಬಿಡುವುದೂ ಅನ್ಯಾಯ. ಒಳಗೆ ಅದಕ್ಕಿಂತ ಸ್ವಾರಸ್ಯದ ಪ್ರಶ್ನೆಗಳು ಕಾದಿವೆ. ವೆಂಗಿಯ ಜೈನ ಮನೆಗಳು ಕಾವ್ಯಕ್ಕೆ ಕನ್ನಡವನ್ನೇ ಏಕೆ ಆರಿಸಿಕೊಂಡವು? ನೂರು ವರ್ಷದ ನಂತರ ಅದೇ ನೆಲದ ಅರಸನಿಗೆ ಮಹಾಭಾರತ ತೆಲುಗಿನಲ್ಲಿ ಬೇಕೆನಿಸಿದ್ದೇಕೆ? ಜೈನ ಪೋಷಕರು ಅಲ್ಲಿ ಕಡಿಮೆಯಾದರೇ, ಗೋದಾವರಿಯ ದಂಡೆಯಲ್ಲಿ ಪುರಾಣ ಕೇಳುವ ಹೊಸ ಜನ ಹುಟ್ಟಿಕೊಂಡರೇ? ಇವುಗಳಿಗೆ ಉತ್ತರ ಹುಡುಕಲು ಕನ್ನಡಿಗರಿಗೆ ತೆಲುಗು ಶಾಸನಗಳು ಬೇಕು, ತೆಲುಗಿನವರಿಗೆ ಕನ್ನಡ ಕಾವ್ಯಗಳು ಬೇಕು. ಇಂದು ಇಬ್ಬರಲ್ಲಿಯೂ ಇನ್ನೊಬ್ಬರ ಭಾಷೆ ಓದಬಲ್ಲ ತರುಣ ವಿದ್ವಾಂಸರು ವಿರಳವಾಗುತ್ತಿದ್ದಾರೆ. ಅದು ನಮ್ಮ ಈ ಜಗಳಕ್ಕಿಂತ ದೊಡ್ಡ ನಷ್ಟ. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರೂ ರಾಜ್ಯಗಳ ಪ್ರೌಢಶಾಲೆಯ ಪಠ್ಯಪುಸ್ತಕಗಳಲ್ಲಿ ಕುರಿಕ್ಯಾಲದ ಶಾಸನವನ್ನು ಅದರ ಮೂರೂ ಭಾಷೆಗಳ ಪಠ್ಯದೊಂದಿಗೆ, ಅರ್ಥದೊಂದಿಗೆ ಅಚ್ಚು ಹಾಕಬೇಕು. ಪಠ್ಯಪುಸ್ತಕ ಸಮಿತಿಗಳಿಗೆ ಇದನ್ನು ಬರೆದು ಕೇಳುವ ಕೆಲಸವನ್ನು ಓದುಗರೂ ಅಧ್ಯಾಪಕರೂ ಈ ವರ್ಷವೇ ಆರಂಭಿಸಬೇಕೆಂದು ನನ್ನ ಕೋರಿಕೆ.